ಕರುಣೆ ಮತ್ತು ಪರಮತ ಸಹಿಷ್ಣುತೆ: ಬೌದ್ಧ-ಕ್ರೈಸ್ತ ಆಚರಣೆಗಳ ಒಂದು ತುಲನೆ

ಕರುಣೆಯನ್ನು ಬೋಧಿಸದ ಧರ್ಮ ಲೋಕದಲ್ಲಿಲ್ಲ. ಆದರೆ ಬೋಧೆಯೊಂದರಿಂದಲೇ ಧರ್ಮದ ಬೆಲೆ ಕಟ್ಟಲಾಗದು. ಆ ಬೋಧೆ ಅನುಯಾಯಿಗಳ ನಿತ್ಯಜೀವನದಲ್ಲಿ ಯಾವ ರೂಪ ತಾಳಿತು, ಸಂಕಟದಲ್ಲಿದ್ದವನ ಬಾಗಿಲಿಗೆ ಹೇಗೆ ಮುಟ್ಟಿತು, ತನ್ನನ್ನು ಒಪ್ಪದವನೊಡನೆ ಹೇಗೆ ನಡೆದುಕೊಂಡಿತು ಎಂಬುದನ್ನು ನೋಡಿ ನಿರ್ಣಯಿಸಬೇಕು. ನಡೆ-ನುಡಿಗಳ ಐಕ್ಯವನ್ನೇ ಸಾಧನೆಯ ಸಾರವೆಂದು ತಿಳಿದ ಶರಣ ಪರಂಪರೆಗೆ ಈ ಒರೆಗಲ್ಲು ಹೊಸದೇನಲ್ಲ. ಪ್ರಸ್ತುತ ಲೇಖನದಲ್ಲಿ ಬೌದ್ಧ ಹಾಗೂ ಕ್ರೈಸ್ತ ಧರ್ಮೀಯರ ಆಚರಣೆಯನ್ನು ಈ ಒರೆಗಲ್ಲಿಗೆ ಹಚ್ಚಿ ನೋಡಲು ಯತ್ನಿಸಲಾಗಿದೆ. ಯಾವುದು ಹಿರಿದು, ಯಾವುದು ಕಿರಿದು ಎಂದು ತೀರ್ಪು ಕೊಡುವುದು ಇದರ ಉದ್ದೇಶವಲ್ಲ.

ಈ ವಿಚಾರ ನಮಗೆ ದೂರದ್ದೂ ಅಲ್ಲ. ಘಟಪ್ರಭಾ-ಹಿರಣ್ಯಕೇಶಿ ನದಿಗಳ ಸೀಮೆಯಾದ ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳು ಹಲವು ಮತಗಳ ನೆಲೆ. ಅರಭಾವಿ, ನಿಡಸೋಸಿಗಳಲ್ಲಿ ದುರದುಂಡೀಶ್ವರ ಮಠಗಳಿವೆ; ಒಕ್ಕಲುತನವನ್ನು ನಂಬಿದ ಜೈನ ಮನೆತನಗಳಿವೆ; ಹುಕ್ಕೇರಿಯಲ್ಲಿ ಆದಿಲಶಾಹಿ ಕಾಲದ ಗುಮ್ಮಟಗಳಿವೆ. ಕ್ರೈಸ್ತರೂ ಬೌದ್ಧರೂ ಇಲ್ಲಿ ಸಂಖ್ಯೆಯಿಂದ ಅಲ್ಪರು. ಈ ಭಾಗದಲ್ಲಿ ಆ ಧರ್ಮಗಳನ್ನು ಸೇರಿದವರಲ್ಲಿ ಅನೇಕರು ಪರದೇಶದಿಂದ ಬಂದವರಲ್ಲ; ನಮ್ಮ ಊರುಗಳ ಅಂಚಿನ ಕೇರಿಗಳವರೇ. ಆದುದರಿಂದ ಅವರ ಆಚರಣೆಯನ್ನು ಕುರಿತ ಪ್ರಶ್ನೆ ಕಟ್ಟಕಡೆಗೆ ನಮ್ಮನ್ನೇ ಕುರಿತ ಪ್ರಶ್ನೆಯೂ ಆಗುತ್ತದೆ.

ಎರಡು ಗುಣಗಳ ವಿವೇಚನೆ

ಕರುಣೆ, ಸಹಿಷ್ಣುತೆ ಎಂಬ ಮಾತುಗಳನ್ನು ನಾವು ಸಾಮಾನ್ಯವಾಗಿ ಜೊತೆಯಾಗಿ ಬಳಸುತ್ತೇವೆ. ಅವು ಒಂದೇ ಅಲ್ಲ. ಪರರ ದುಃಖವನ್ನು ಕಂಡು ಮನ ಕರಗುವುದು, ಕರಗಿ ಕೈ ಮುಂದಾಗುವುದು ಕರುಣೆ. ಪರರ ನಂಬಿಕೆ ತನ್ನದಕ್ಕಿಂತ ಭಿನ್ನವಾಗಿದ್ದರೂ ಅವರನ್ನು ಗೌರವದಿಂದ ಕಾಣುವುದು ಸಹಿಷ್ಣುತೆ. ಒಂದು ದುಃಖಕ್ಕೆ ಸಂಬಂಧಿಸಿದ್ದು, ಇನ್ನೊಂದು ಭೇದಕ್ಕೆ. ರೋಗಿಯ ಹುಣ್ಣು ತೊಳೆಯುವ ಕೈಯೇ ಅವನ ದೇವರನ್ನು ಹಳಿಯಬಹುದು. ಯಾರ ದೇವರನ್ನೂ ಹಳಿಯದವನು ಯಾರ ಹುಣ್ಣನ್ನೂ ತೊಳೆಯದೆ ಇರಬಹುದು. ಸಹಿಷ್ಣುತೆಯಿಲ್ಲದ ಕರುಣೆ ವ್ಯಾಪಾರವಾಗುವ ಅಪಾಯವಿದೆ; ಕರುಣೆಯಿಲ್ಲದ ಸಹಿಷ್ಣುತೆ ಔದಾಸೀನ್ಯವಾಗುವ ಅಪಾಯವಿದೆ. ಉಭಯ ಧರ್ಮಗಳ ಇತಿಹಾಸದಲ್ಲಿ ಈ ಎರಡೂ ಅಪಾಯಗಳು ಕಂಡುಬರುತ್ತವೆ. ಅವುಗಳಿಂದ ಪಾರಾಗುವ ಪ್ರಯತ್ನಗಳೂ ಕಂಡುಬರುತ್ತವೆ.

ಮೂಲ ಗ್ರಂಥಗಳ ದೃಷ್ಟಾಂತಗಳು

ಬೌದ್ಧರ ವಿನಯಪಿಟಕದಲ್ಲಿ ಒಂದು ಪ್ರಸಂಗ ಬರುತ್ತದೆ. ಅತಿಸಾರದಿಂದ ಬಳಲಿ ತನ್ನ ಮಲದಲ್ಲೇ ಬಿದ್ದಿದ್ದ ಭಿಕ್ಷುವನ್ನು ಜೊತೆಯ ಭಿಕ್ಷುಗಳು ಕಡೆಗಣಿಸಿದ್ದರು. ಬುದ್ಧನು ಆನಂದನೊಡನೆ ಸ್ವತಃ ಅವನ ಮೈ ತೊಳೆದು ಮಂಚದ ಮೇಲೆ ಮಲಗಿಸಿದನು. ಬಳಿಕ ಸಂಘವನ್ನು ಕರೆದು, ತನ್ನ ಸೇವೆ ಮಾಡಬಯಸುವವನು ರೋಗಿಯ ಸೇವೆ ಮಾಡಲಿ ಎಂಬ ಅರ್ಥದ ಉಪದೇಶವಿತ್ತನು. ಮತ್ತಾಯನ ಸುವಾರ್ತೆಯಲ್ಲಿ ಯೇಸು ಹೇಳುವುದೂ ಇದನ್ನೇ ಹೋಲುತ್ತದೆ. ಹಸಿದವನಿಗೆ, ರೋಗಿಗೆ, ಸೆರೆಯಲ್ಲಿದ್ದವನಿಗೆ, ಎಲ್ಲರಿಗಿಂತ ಕಿರಿಯನಾದವನಿಗೆ ಮಾಡಿದ ಉಪಕಾರ ತನಗೇ ಮಾಡಿದ್ದೆಂದು ಅಂತ್ಯದ ನ್ಯಾಯವಿಚಾರಣೆಯಲ್ಲಿ ಎಣಿಸಲ್ಪಡುವುದು ಎಂಬುದು ಅದರ ತಾತ್ಪರ್ಯ.

ಸಹಿಷ್ಣುತೆಯ ದೃಷ್ಟಾಂತಗಳು ಇನ್ನೂ ಮನನೀಯವಾಗಿವೆ. ಜೆರೂಸಲೇಮಿನಿಂದ ಯೆರಿಕೋವಿಗೆ ಹೋಗುವ ದಾರಿಯಲ್ಲಿ ಕಳ್ಳರ ಕೈಗೆ ಸಿಕ್ಕು ಅರೆಜೀವವಾಗಿ ಬಿದ್ದವನನ್ನು ಅವನ ಮತದ ಯಾಜಕನೇ ಕಂಡೂ ಕಾಣದಂತೆ ದಾಟಿಹೋದನು. ಯೆಹೂದ್ಯರು ಕೀಳಾಗಿ ಕಾಣುತ್ತಿದ್ದ ಸಮಾರ್ಯದವನೊಬ್ಬನು ಅವನ ಗಾಯ ಕಟ್ಟಿ, ಛತ್ರಕ್ಕೆ ಒಯ್ದು, ವೆಚ್ಚಕ್ಕೆ ಹಣವನ್ನೂ ಕೊಟ್ಟನು. ಇವರಲ್ಲಿ ಗಾಯಗೊಂಡವನಿಗೆ ನೆರೆಯವನಾದವನು ಯಾರು ಎಂದು ಯೇಸು ಕೇಳುತ್ತಾನೆ. ಕಥೆಯಲ್ಲಿ ಪುಣ್ಯವಂತನಾದವನು ಪರಮತೀಯನು ಎಂಬುದನ್ನು ಮರೆಯಬಾರದು.

ಬೌದ್ಧರ ಮಜ್ಝಿಮನಿಕಾಯದಲ್ಲಿ ಉಪಾಲಿ ಎಂಬ ಗೃಹಸ್ಥನ ವೃತ್ತಾಂತವಿದೆ. ನಿರ್ಗ್ರಂಥ ಮುನಿಗಳ ಶ್ರಾವಕನಾಗಿದ್ದ ಇವನು ವಾದಕ್ಕೆಂದು ಬಂದು ಬುದ್ಧನಿಗೆ ಶರಣಾದನು. ಬುದ್ಧನು ಹಿಗ್ಗಲಿಲ್ಲ, ಚೆನ್ನಾಗಿ ವಿಚಾರಿಸಿ ನಿರ್ಧರಿಸು ಎಂದನು. ಅಷ್ಟೇ ಅಲ್ಲ, ಬಹುಕಾಲದಿಂದ ಅವನ ಮನೆ ನಿರ್ಗ್ರಂಥರಿಗೆ ಆಸರೆಯಾಗಿದ್ದುದರಿಂದ ಅವರು ಬಂದಾಗ ಭಿಕ್ಷೆ ನೀಡುವುದನ್ನು ನಿಲ್ಲಿಸಬಾರದೆಂದೂ ತಿಳಿಸಿದನು. ಮತ ಬದಲಾಯಿತು, ಅನ್ನದ ಬಾಗಿಲು ಮುಚ್ಚಲಿಲ್ಲ. ಜೈನರೂ ವೀರಶೈವರೂ ನೆರೆಮನೆಯವರಾಗಿ ಬಾಳುವ ನಮ್ಮ ಸೀಮೆಗೆ ಈ ಪ್ರಸಂಗದ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಬೌದ್ಧರ ಆಚರಣೆ

ಬೌದ್ಧರಲ್ಲಿ ಕರುಣೆ ಒಂದು ಭಾವನಾಭ್ಯಾಸ. ಮೈತ್ರಿ, ಕರುಣಾ, ಮುದಿತಾ, ಉಪೇಕ್ಷಾ ಎಂಬ ನಾಲ್ಕು ಬ್ರಹ್ಮವಿಹಾರಗಳನ್ನು ಸಾಧಕನು ಮೊದಲು ಚಿತ್ತದಲ್ಲಿ ಬೆಳೆಸುತ್ತಾನೆ. ಆತ್ಮೀಯರಿಂದ ತೊಡಗಿ ಅಪರಿಚಿತರಿಗೂ ವೈರಿಗಳಿಗೂ ಅದನ್ನು ಹಬ್ಬಿಸುತ್ತಾನೆ. ಉಪೇಕ್ಷೆಯೆಂದರೆ ಇಲ್ಲಿ ಅಲಕ್ಷ್ಯವಲ್ಲ, ರಾಗದ್ವೇಷಗಳಿಲ್ಲದ ಸಮಚಿತ್ತತೆ. ಪಶುಪ್ರಾಣಿಗಳೂ ಈ ಕರುಣೆಯ ವ್ಯಾಪ್ತಿಗೆ ಸೇರುತ್ತವೆ.

ಇದನ್ನು ರಾಜನೀತಿಗೆ ಇಳಿಸಿದವನು ಅಶೋಕ. ಮನುಷ್ಯರಿಗೂ ಪಶುಗಳಿಗೂ ಚಿಕಿತ್ಸೆ, ಔಷಧಿಯ ಗಿಡಮೂಲಿಕೆಗಳು, ದಾರಿಯಲ್ಲಿ ಬಾವಿಗಳು ಅವನ ಎರಡನೆಯ ಬಂಡೆಶಾಸನದ ವಿಷಯ. ಎಲ್ಲ ಮತಗಳನ್ನೂ ಗೌರವಿಸಬೇಕು, ಪರಮತವನ್ನು ಹಳಿಯುವವನು ತನ್ನ ಮತಕ್ಕೇ ಹಾನಿ ತರುತ್ತಾನೆ ಎಂಬುದು ಹನ್ನೆರಡನೆಯ ಶಾಸನದ ಆಶಯ. ಈ ಹನ್ನೆರಡನೆಯ ಶಾಸನದ ಭಾಗ ನಮ್ಮ ಕಲಬುರ್ಗಿ ಜಿಲ್ಲೆಯ ಸನ್ನತಿಯಲ್ಲಿ 1980ರ ದಶಕದಲ್ಲಿ ದೊರೆತಿದೆ. ಅದನ್ನು ಹೊತ್ತ ಶಿಲೆ ಚಂದ್ರಲಾಂಬಾ ದೇವಾಲಯದ ಆವರಣದಲ್ಲಿ ಕಾಳಿಕಾಮೂರ್ತಿಯ ಪೀಠವಾಗಿತ್ತು. ಪರಮತಗೌರವದ ಶಾಸನವೊಂದು ಪರದೇವತೆಯನ್ನು ಹೊತ್ತು ನಿಂತಿತ್ತೆಂಬುದು ಆಕಸ್ಮಿಕವಾದರೂ ಅರ್ಥಪೂರ್ಣ.

ಕಲ್ಯಾಣ ಚಾಲುಕ್ಯರ ಕಾಲದಲ್ಲಿಯೂ ಬೌದ್ಧರು ನಮ್ಮಲ್ಲಿ ನೆಲೆಸಿದ್ದರು. ಬಳ್ಳಿಗಾವೆಯಲ್ಲಿ 1065ರ ಸುಮಾರಿಗೆ ದಂಡನಾಯಕ ರೂಪಭಟ್ಟಯ್ಯನು ವಿಹಾರವನ್ನು ಕಟ್ಟಿಸಿದನು. ಡಂಬಳದಲ್ಲಿ ಹದಿನಾರು ಮಂದಿ ಸೆಟ್ಟಿಗಳು ಕಟ್ಟಿಸಿದ ವಿಹಾರ ಹಾಗೂ ತಾರಾದೇವಿಯ ಆಲಯಕ್ಕೆ ಸಂಬಂಧಿಸಿದ 1095ರ ಶಾಸನವಿದೆ. ಮುಂದೆ ಬೌದ್ಧಧರ್ಮ ಇಲ್ಲಿ ಕ್ಷೀಣಿಸಿತು. ವಿಹಾರದ ಧ್ಯಾನ ಕೇರಿಯ ಬಡವನವರೆಗೆ ಸಂಸ್ಥೆಯ ರೂಪದಲ್ಲಿ ಇಳಿದು ಬೇರೂರದಿದ್ದುದು ಇದರ ಕಾರಣಗಳಲ್ಲಿ ಒಂದಾಗಿರಬಹುದು.

ಈ ಕೊರತೆಯನ್ನು ಆಧುನಿಕ ಕಾಲದಲ್ಲಿ ತುಂಬಿದವರು ಡಾ. ಬಾಬಾಸಾಹೇಬ ಅಂಬೇಡ್ಕರರು. ಹುಕ್ಕೇರಿಯ ನೆರೆಯಲ್ಲಿರುವ ನಿಪ್ಪಾಣಿಯಲ್ಲಿ 1925ರಲ್ಲಿ ಅವರು ದಲಿತರ ಪರಿಷತ್ತಿನ ಅಧ್ಯಕ್ಷತೆ ವಹಿಸಿದ್ದರು. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬೌದ್ಧ ದೀಕ್ಷೆ ಪಡೆದು, ಅನುಯಾಯಿಗಳಿಗೆ ಬೋಧಿಸಿದ ಇಪ್ಪತ್ತೆರಡು ಪ್ರತಿಜ್ಞೆಗಳಲ್ಲಿ ಸಕಲ ಜೀವಿಗಳಲ್ಲಿ ದಯೆಯೂ ಒಂದು. ಹಿಂದೂ ದೇವತೆಗಳ ಪೂಜೆಯನ್ನು ತ್ಯಜಿಸುವ ಪ್ರತಿಜ್ಞೆಗಳೂ ಅವುಗಳಲ್ಲಿವೆ. ಇವನ್ನು ಅಸಹಿಷ್ಣುತೆಯೆಂದು ಕೆಲವರು ಭಾವಿಸುವುದುಂಟು. ತನ್ನನ್ನು ಗುಡಿಯ ಹೊರಗಿಟ್ಟವರ ಗುಡಿಯನ್ನು ಬಿಟ್ಟುಹೋಗುವುದು ತಿರಸ್ಕಾರವಲ್ಲ, ಸ್ವಾಭಿಮಾನ. ಸ್ಥಾವರ ಪೂಜೆಯನ್ನು ಬಿಟ್ಟ ಶರಣರ ವಾರಸುದಾರರು ಇದನ್ನು ಎಲ್ಲರಿಗಿಂತ ಮೊದಲು ಅರಿಯಬೇಕು. ಅಂಬೇಡ್ಕರರ ದೃಷ್ಟಿಯಲ್ಲಿ ಕರುಣೆಯೆಂದರೆ ಧ್ಯಾನಮಾತ್ರವಲ್ಲ, ಸಾಮಾಜಿಕ ಸಮತೆ. ಆಚಾರ್ಯ ಬುದ್ಧರಕ್ಖಿತರು 1956ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಮಹಾಬೋಧಿ ಸಂಸ್ಥೆಯು ವಿಕ್ಟೋರಿಯಾ ಆಸ್ಪತ್ರೆಯಲ್ಲಿ ಸುಟ್ಟಗಾಯದವರ ಚಿಕಿತ್ಸಾಲಯಕ್ಕೆ ಆಸರೆಯಾದುದೂ ಇದೇ ಹೊಸ ಹಾದಿಯ ಗುರುತು.

ಬೌದ್ಧರ ಹೆಸರಿನಲ್ಲಿ ಕಳಂಕವಿಲ್ಲವೆಂದಲ್ಲ. ಮ್ಯಾನ್ಮಾರಿನಲ್ಲಿ 2012ರಿಂದೀಚೆಗೆ ಕೆಲವು ಭಿಕ್ಷುಗಳು ಮುಸ್ಲಿಮರ ವಿರುದ್ಧ ದ್ವೇಷವನ್ನು ಬಿತ್ತಿದುದನ್ನು ಲೋಕವೇ ಕಂಡಿತು. ಮೈತ್ರಿಯನ್ನು ಜಪಿಸುವ ನಾಲಗೆಯೂ ರಾಷ್ಟ್ರದ, ಕುಲದ ಅಭಿಮಾನಕ್ಕೆ ಸಿಕ್ಕರೆ ಕಹಿಯಾಗಬಲ್ಲದು.

ಕ್ರೈಸ್ತರ ಆಚರಣೆ

ಕ್ರೈಸ್ತರಲ್ಲಿ ಕರುಣೆ ದೇವರ ಆಜ್ಞೆ. ದೇವರು ತನ್ನನ್ನು ಪ್ರೀತಿಸಿದನಾದುದರಿಂದ ತಾನು ನೆರೆಯವನನ್ನು ಪ್ರೀತಿಸಬೇಕು ಎಂಬುದು ಅದರ ನೆಲೆ. ಆಜ್ಞೆಯಾದುದರಿಂದ ಅದು ಕೂಡಲೇ ಕೃತಿಯನ್ನು ಬೇಡುತ್ತದೆ, ಕೃತಿ ಸಂಸ್ಥೆಯಾಗುತ್ತದೆ. ಬೆಳಗಾವಿಗೆ ಲಂಡನ್ ಮಿಷನ್ನಿನವರು 1820ರಲ್ಲಿ ಬಂದರು. ಧಾರವಾಡಕ್ಕೆ ಬಾಸೆಲ್ ಮಿಷನ್ನಿನವರು 1837ರಲ್ಲಿ ಬಂದರು. ಕೆಳಜಾತಿಯ ಮಕ್ಕಳಿಗೂ ಹೆಣ್ಣುಮಕ್ಕಳಿಗೂ ಓದು ದೊರೆಯದಿದ್ದ ಕಾಲದಲ್ಲಿ ಮಿಷನರಿಗಳು ಶಾಲೆ ತೆರೆದರು. 1876-78ರ ಭೀಕರ ಕ್ಷಾಮದಲ್ಲಿ ತಬ್ಬಲಿಗಳನ್ನು ಸಾಕಿದರು. ಗದಗ-ಬೆಟಗೇರಿಯ ಅವರ ಆಸ್ಪತ್ರೆ ಉತ್ತರ ಕರ್ನಾಟಕದ ರೋಗಿಗಳಿಗೆ ಚಿರಪರಿಚಿತ. ಕುಷ್ಠರೋಗಿಯನ್ನು ಹೆತ್ತವರೇ ಹೊರಗೆ ಹಾಕುತ್ತಿದ್ದಾಗ ಮುಟ್ಟಿ ಆರೈಕೆ ಮಾಡಿದವರಲ್ಲಿ ಇವರು ಅಗ್ರಗಣ್ಯರು. ಈ ಋಣವನ್ನು ನೆನೆಯದಿರುವುದು ಕೃತಘ್ನತೆ.

ಆದರೆ ಇವರ ಕರುಣೆಗೆ ಸಹಿಷ್ಣುತೆಯ ಜೊತೆ ಬಹುಕಾಲ ದೊರೆಯಲಿಲ್ಲ. ಬೆಳಗಾವಿಗೆ ಸಮೀಪದ ಗೋವೆಯಲ್ಲಿ 1560ರಿಂದ 1812ರವರೆಗೆ, ನಡುವೆ ಕೆಲವು ವರ್ಷಗಳ ಬಿಡುವಿನೊಡನೆ, ಧರ್ಮವಿಚಾರಣಾ ನ್ಯಾಯಾಲಯ ಮೆರೆಯಿತು. ಮಿಷನರಿಗಳ ಹಲವು ಪ್ರಚಾರಪತ್ರಿಕೆಗಳು ಈ ನೆಲದ ದೇವರುಗಳನ್ನು ಹಳಿದವು. ಔಷಧಿಯೊಡನೆ ಮತಾಂತರದ ಆಸೆಯನ್ನೂ ಬೆರೆಸಿ ಕೊಟ್ಟರೆ ರೋಗಿಯ ಕೃತಜ್ಞತೆಯೇ ಅವನಿಗೆ ಬಂಧನವಾಗುತ್ತದೆ. ಇನ್ನೊಂದು ಕಡೆ, ಜಾತಿಯನ್ನು ನೀಗಲೆಂದು ಕ್ರೈಸ್ತರಾದವರನ್ನು ಜಾತಿ ದೇವಾಲಯದೊಳಕ್ಕೂ ಹಿಂಬಾಲಿಸಿತು.

ಕ್ರೈಸ್ತರು ಇಲ್ಲಿಗೇ ನಿಲ್ಲಲಿಲ್ಲ. ಬಾಸೆಲ್ ಮಿಷನ್ನಿನ ವುರ್ತ್ ಪಾದ್ರಿಗಳು ಬಸವಪುರಾಣ, ಚೆನ್ನಬಸವಪುರಾಣಗಳನ್ನು ಇಂಗ್ಲಿಷಿಗೆ ತಂದರು. ಬೋಧಕರಾಗಿದ್ದ ಉತ್ತಂಗಿ ಚನ್ನಪ್ಪನವರು (1881-1962) ಸರ್ವಜ್ಞನ ವಚನಗಳನ್ನು ಊರೂರು ಅಲೆದು ಸಂಗ್ರಹಿಸಿ 1924ರಲ್ಲಿ ಪ್ರಕಟಿಸಿದರು; ಅನುಭವ ಮಂಟಪದ ಐತಿಹಾಸಿಕತೆಯನ್ನು ಸಮರ್ಥಿಸಿ ಗ್ರಂಥ ಬರೆದರು. ಸ್ವಧರ್ಮವನ್ನು ಬಿಡದೆ ಪರಧರ್ಮದ ಸಾರವನ್ನು ಹೀರಿದ ಅವರನ್ನು ಕನ್ನಡ ಜನತೆ 1949ರ ಕಲಬುರ್ಗಿ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರನ್ನಾಗಿ ಗೌರವಿಸಿತು. ಕ್ಯಾಥೋಲಿಕ್ ಸಭೆಯ ಎರಡನೆಯ ವ್ಯಾಟಿಕನ್ ಮಹಾಸಭೆಯು 1965ರ ಅಕ್ಟೋಬರ್ 28ರಂದು ಹೊರಡಿಸಿದ ಘೋಷಣೆಯಲ್ಲಿ ಹಿಂದೂ, ಬೌದ್ಧಾದಿ ಧರ್ಮಗಳಲ್ಲಿ ಸತ್ಯವೂ ಪವಿತ್ರವೂ ಆದುದನ್ನು ತಾನು ತಿರಸ್ಕರಿಸುವುದಿಲ್ಲವೆಂದು ಸಾರಿತು. ನಮ್ಮದೇ ಜಿಲ್ಲೆಯ ದೇಶನೂರಿನಲ್ಲಿ ಯೇಸುಸಭೆಯ ಗುರುಗಳು ಕಾವಿಯುಟ್ಟು, ಶಾಕಾಹಾರಿಗಳಾಗಿ, ತಮ್ಮ ದೇವಾಲಯವನ್ನು ವಿರಕ್ತಮಠವೆಂದೇ ಕರೆದರು. ಇದನ್ನು ಸಂಶಯದಿಂದ ನೋಡಿದವರೂ ಉಂಟು, ಪ್ರೀತಿಯಿಂದ ನೋಡಿದವರೂ ಉಂಟು. ಹಳಿಯುತ್ತಿದ್ದವರ ಪರಂಪರೆ ಅನುಕರಿಸುವಷ್ಟು ಹತ್ತಿರ ಬಂದಿತೆಂಬುದಂತೂ ದಿಟ.

ತುಲನೆ

ಮೇಲಿನ ವಿವೇಚನೆಯಿಂದ ಒಂದು ಮಾತು ಸ್ಪಷ್ಟವಾಗುತ್ತದೆ. ಬೌದ್ಧರ ಕರುಣೆ ಚಿತ್ತದಿಂದ ಹೊರಟು ಕೈಗೆ ಬರುವಂಥದು. ಕ್ರೈಸ್ತರದು ಕೈಯಿಂದ ಹೊರಟು ಚಿತ್ತವನ್ನು ತಿದ್ದುವಂಥದು. ಮೊದಲನೆಯದರಲ್ಲಿ ಸಹಿಷ್ಣುತೆ ಸಹಜವಾಗಿ ಬೆಳೆಯಿತು, ಸೇವಾಸಂಸ್ಥೆ ತಡವಾಗಿ ಬಂದಿತು. ಎರಡನೆಯದರಲ್ಲಿ ಸೇವಾಸಂಸ್ಥೆ ಮೊದಲು ಬಂದಿತು, ಸಹಿಷ್ಣುತೆಯನ್ನು ಕಷ್ಟಪಟ್ಟು ಕಲಿಯಬೇಕಾಯಿತು. ತಮ್ಮಲ್ಲಿ ಕಡಮೆಯಿದ್ದುದನ್ನು ತುಂಬಿಕೊಂಡಾಗಲೇ ಎರಡೂ ಧರ್ಮಗಳು ತಮ್ಮ ಪ್ರವರ್ತಕರಿಗೆ ಹತ್ತಿರವಾದವು.

ನಮ್ಮ ಮುಂದಿರುವ ಪ್ರಶ್ನೆ

ಇಷ್ಟು ತುಲನೆಯನ್ನು ಮಾಡಿ ನಾವು ಕೇವಲ ಪ್ರೇಕ್ಷಕರಾಗಿ ಕುಳಿತರೆ ಪ್ರಯೋಜನವಿಲ್ಲ. ಬಳ್ಳಿಗಾವೆಯ ಕೋಡಿಯ ಮಠದ 1162ರ ಶಾಸನ ಕಾಳಾಮುಖ ಶೈವರ ಆ ಮಠವನ್ನು ವರ್ಣಿಸುತ್ತದೆ. ಅಲ್ಲಿ ಬೌದ್ಧ ದರ್ಶನವೂ ಸೇರಿದಂತೆ ಹಲವು ದರ್ಶನಗಳ ವ್ಯಾಖ್ಯಾನ ನಡೆಯುತ್ತಿತ್ತು. ದೀನರಿಗೆ, ಕುರುಡರಿಗೆ, ಹೆಳವರಿಗೆ ಅನ್ನವೂ ರೋಗಿಗಳಿಗೆ ಚಿಕಿತ್ಸೆಯೂ ದೊರೆಯುತ್ತಿದ್ದವು. ಪರದರ್ಶನಕ್ಕೆ ಪೀಠ, ಪರರ ಹಸಿವಿಗೆ ಅನ್ನ: ಸಹಿಷ್ಣುತೆ ಕರುಣೆಗಳೆರಡೂ ಒಂದೇ ಸೂರಿನಡಿ ಇದ್ದುವು. ಅದೇ ಬಿಜ್ಜಳನ ಕಾಲದಲ್ಲಿ ಕಲ್ಯಾಣದಲ್ಲಿದ್ದ ಬಸವಣ್ಣನವರು ಧರ್ಮದ ಬುಡದಲ್ಲಿಯೇ ದಯೆಯನ್ನಿರಿಸಿ, ಅನ್ನದಾನವನ್ನು ದಾಸೋಹವಾಗಿ ಮಾರ್ಪಡಿಸಿದರು. ದಾನದಲ್ಲಿ ಕೊಡುವವನು ಮೇಲು. ದಾಸೋಹದಲ್ಲಿ ಕೊಡುವವನು ದಾಸ. ಪಡೆದವನಿಂದ ಪ್ರತಿಫಲವನ್ನು, ಮತವನ್ನು ಕೂಡ, ಬೇಡದಿರುವುದೇ ಇದರ ಹಿರಿಮೆ. ಇದೇ ಭಾವದ ವಿಸ್ತಾರವನ್ನು ಇತ್ತೀಚಿನ ಇತಿಹಾಸದಲ್ಲಿಯೂ ಕಾಣುತ್ತೇವೆ. ನಾಡು ಕಳೆದುಕೊಂಡು ಬಂದ ಟಿಬೆಟ್ಟಿನ ಬೌದ್ಧರಿಗೆ 1960ರ ದಶಕದಲ್ಲಿ ಬೈಲಕುಪ್ಪೆ, ಮುಂಡಗೋಡಗಳಲ್ಲಿ ಕನ್ನಡ ನಾಡು ನೆಲವನ್ನಿತ್ತಿತು. ಅದಕ್ಕಾಗಿ ದಲೈಲಾಮಾ ಅವರು ಎಸ್. ನಿಜಲಿಂಗಪ್ಪನವರನ್ನು ಅನೇಕ ಸಲ ಕೃತಜ್ಞತೆಯಿಂದ ಸ್ಮರಿಸಿದ್ದಾರೆ.

ದೂರದಿಂದ ಬಂದವರಿಗೆ ನೆಲ ಕೊಡುವುದು ಒಂದು ಬಗೆಯಲ್ಲಿ ಸುಲಭ. ಕಠಿಣವಾದ ಪರೀಕ್ಷೆ ಊರೊಳಗಿನದು. ಗೋಕಾಕದ, ಮೂಡಲಗಿಯ, ಹುಕ್ಕೇರಿಯ ಹಳ್ಳಿಯೊಂದರಲ್ಲಿ ಒಂದು ಕುಟುಂಬ ಬುದ್ಧವಿಹಾರಕ್ಕೋ ಕ್ರೈಸ್ತ ದೇವಾಲಯಕ್ಕೋ ಹೊರಟರೆ ನಾವು ಮೊದಲು ಕೇಳುವುದು, ಅವರನ್ನು ಕರೆದೊಯ್ದವರು ಯಾರು ಎಂದು. ಅವರು ಹೋಗುವಂತೆ ನಮ್ಮ ಬಾಗಿಲಲ್ಲಿ ನಡೆದುದೇನು ಎಂಬ ಪ್ರಶ್ನೆ ಅದಕ್ಕೂ ಮೊದಲು ಏಳಬೇಕು. ಹುಟ್ಟಿನ ಕುಲವನ್ನು ಎಣಿಸಬಾರದೆಂದ ಶರಣರ ಮಾತು ಕೇರಿಯವರೆಗೆ ನಡೆದುಹೋಗಿದ್ದರೆ ಅವರಲ್ಲಿ ಎಷ್ಟೋ ಮಂದಿಗೆ ಬೇರೆ ಹಾದಿ ಹುಡುಕುವ ಅಗತ್ಯವೇ ಬೀಳುತ್ತಿರಲಿಲ್ಲ. ಹೋದವರಿಗಾದರೂ ಉಪಾಲಿಯ ಮನೆಯಂತೆ ಅನ್ನದ ಬಾಗಿಲು ತೆರೆದೇ ಇರಬೇಕು. ಮಠದ ಜಾತ್ರೆಯ ಪಂಕ್ತಿಯಲ್ಲಿ, ಊರ ಬಾವಿಯ ಕಟ್ಟೆಯಲ್ಲಿ, ಸಾವು-ನೋವಿನ ಗಳಿಗೆಯಲ್ಲಿ ಅವರಿಗೆ ಹಿಂದೆ ದೊರೆಯದಿದ್ದ ಸಮಾನ ಸ್ಥಾನ ಇನ್ನಾದರೂ ದೊರೆತರೆ, ಪರಧರ್ಮಗಳ ಕರುಣೆಯನ್ನು ಅಳೆಯುವ ಅಧಿಕಾರ ನಮಗೆ ಬಂದೀತು.