ಕುಮಟೆಯಲ್ಲಿ ನೋಡತಕ್ಕದ್ದೇನು?

ಬಯಲುಸೀಮೆಯ ನಮಗೆ ಪ್ರವಾಸವೆಂದೊಡನೆ ಸಮುದ್ರದ ನೆನಪಾಗುವದು ಸಹಜ. ಉತ್ತರ ಕನ್ನಡ ಜಿಲ್ಲೆಗೆ ಹೋದವರು ಗೋಕರ್ಣದಲ್ಲಿ ದೇವರ ದರ್ಶನ ಮಾಡುತ್ತಾರೆ. ಮುರ್ಡೇಶ್ವರದಲ್ಲಿ ಭಾವಚಿತ್ರ ತೆಗೆಸಿಕೊಳ್ಳುತ್ತಾರೆ. ಇವೆರಡರ ನಡುವಿನ ಕುಮಟೆಯೆಂಬ ಚಿಕ್ಕ ಬಂದರು ಪಟ್ಟಣದಲ್ಲಿ ಚಹಾ ಕುಡಿಯುವದಕ್ಕಷ್ಟೇ ಇಳಿಯುತ್ತಾರೆ. ಅಲ್ಲಿ ನೋಡುವಂಥದೇನಿದೆ ಎಂದು ಗೆಳೆಯರು ಕೇಳುವದುಂಟು. ಅದಕ್ಕೆ ಉತ್ತರ ಹೇಳುವದೇ ಈ ಲೇಖನದ ಉದ್ದೇಶ.

ನಮ್ಮದು ಧಾರವಾಡ ಸೀಮೆಯ ಎರೆಹೊಲದಲ್ಲಿ ಹತ್ತಿ ಬೆಳೆಯುವ ಮನೆತನ. ನಮ್ಮ ಕಡೆಯ ಹಳೆಯ ಜವಾರಿ ಹತ್ತಿಗೆ ವ್ಯಾಪಾರದಲ್ಲಿ "ಕುಮಟಾ ಹತ್ತಿ" ಎಂಬ ಹೆಸರಿತ್ತೆಂಬುದನ್ನು ನಾನು ಓದಿದ್ದು ಕಾಲೇಜಿಗೆ ಬಂದ ಮೇಲೆ. ಕುಮಟೆಯದು ಕೆಮ್ಮಣ್ಣು, ಸುರಿಮಳೆ, ತೆಂಗು ಭತ್ತಗಳ ನಾಡು. ಅಲ್ಲಿ ಬೆಳೆಯದ ಹತ್ತಿಗೆ ಆ ಊರಿನ ಹೆಸರು ಬಂದದ್ದು ಹೇಗೆ?

ರೈಲು ಇಲ್ಲದ ಕಾಲದಲ್ಲಿ ನಮ್ಮ ಸೀಮೆಯ ಅರಳೆ ಎತ್ತಿನ ಬೆನ್ನ ಮೇಲೆ, ಮುಂದೆ ರಸ್ತೆಯಾದ ಬಳಿಕ ಬಂಡಿಗಳಲ್ಲಿ, ಘಟ್ಟವಿಳಿದು ಕುಮಟೆಯನ್ನು ಸೇರುತ್ತಿತ್ತು. ಅಲ್ಲಿಂದ ಹಡಗಿನಲ್ಲಿ ಮುಂಬಯಿಗೆ. ಮಳೆಗಾಲದಲ್ಲಿ ಕಡಲು ಕೆರಳಿ ಹಡಗುಗಳ ಓಡಾಟ ನಿಲ್ಲುತ್ತಿದ್ದುದರಿಂದ ಮುಂಗಾರಿನ ಒಳಗೇ ಸರಕು ಸಾಗಬೇಕಾಗಿತ್ತು. ಮುಂಬಯಿಯ ವ್ಯಾಪಾರಿಗೆ ಗೊತ್ತಿದ್ದುದು ಮಾಲು ಹಡಗು ಹತ್ತಿದ ಬಂದರು. ಅದನ್ನು ಬೆಳೆದ ಹೊಲವಲ್ಲ. ಆದ್ದರಿಂದ ಬಂದರಿನ ಹೆಸರೇ ನಿಂತಿತು.

1861ರಿಂದ 1865ರವರೆಗೆ ಅಮೇರಿಕೆಯಲ್ಲಿ ಅಂತರ್ಯುದ್ಧ ನಡೆದು ಇಂಗ್ಲೆಂಡಿನ ಗಿರಣಿಗಳಿಗೆ ಅಲ್ಲಿಯ ಹತ್ತಿ ದುರ್ಲಭವಾದಾಗ ನಮ್ಮ ಹತ್ತಿಗೆ ಎಂದಿಲ್ಲದ ಬೆಲೆ ಬಂದಿತು. 1862ರಲ್ಲಿ ಉತ್ತರ ಕನ್ನಡ ಜಿಲ್ಲೆ ಮದ್ರಾಸಿನ ಆಡಳಿತದಿಂದ ಮುಂಬಯಿ ಆಡಳಿತಕ್ಕೆ ಸೇರಿತು. ಧಾರವಾಡದ ಹತ್ತಿಗೆ ಒಳ್ಳೆಯ ಬಂದರು ದೊರೆಯಬೇಕೆಂಬ ವ್ಯಾಪಾರಸ್ಥರ ಒತ್ತಾಯವೂ ಅದರ ಹಿಂದೆ ಇತ್ತು. ನಾವು ನಕಾಶೆಯಲ್ಲಿ ಕಾಣುವ ಗೆರೆಗಳಲ್ಲಿ ಹತ್ತಿಯೂ ಪಾಲುಗೊಂಡಿದೆಯಲ್ಲ! ಆದರೆ 1888ರಲ್ಲಿ ಗೋವೆಯ ಮುರ್ಮುಗಾವಿಗೆ ರೈಲುದಾರಿ ತೆರೆದ ಮೇಲೆ ಹತ್ತಿ ಆ ಕಡೆ ತಿರುಗಿತು. ಕುಮಟೆಯ ವೈಭವ ಇಳಿಯಿತು. 1998ರಲ್ಲಿ ಪೂರ್ಣಗೊಂಡ ಕೊಂಕಣ ರೈಲುಮಾರ್ಗ ಈಗ ಆ ಊರಿನ ಮೂಲಕ ಹಾಯುತ್ತದೆ.

ಹಾಗಾದರೆ ನೋಡತಕ್ಕದ್ದೇನು? ಮೊದಲನೆಯದು ದಾರಿ. ಶಿರಸಿಯಿಂದ ದೇವಿಮನೆ ಘಟ್ಟವನ್ನು ಹಗಲು ಹೊತ್ತಿನಲ್ಲಿಯೇ ಇಳಿಯಬೇಕು. ಪ್ರತಿ ತಿರುವಿನಲ್ಲಿಯೂ ತುಂಬಿದ ಬಂಡಿಯ ಭಾರವನ್ನು, ಅದನ್ನು ತಡೆದ ಎತ್ತುಗಳ ಹೆಗಲನ್ನು ನೆನೆಯಬೇಕು. ಎರಡನೆಯದು ಮಿರ್ಜಾನ ಕೋಟೆ. ಕುಮಟೆಯಿಂದ ಸುಮಾರು ಹತ್ತು ಕಿಲೋಮೀಟರು ದೂರದಲ್ಲಿ, ಅಘನಾಶಿನಿಯ ಹತ್ತಿರ, ಕೆಂಪು ಜಂಬಿಟ್ಟಿಗೆಯ ಗೋಡೆಗಳೂ ಕಂದಕವೂ ಇವೆ. 16ನೆಯ ಶತಮಾನದಲ್ಲಿ ಗೇರುಸೊಪ್ಪೆಯನ್ನು ಆಳಿದ, ಪೋರ್ತುಗೀಜರು "ಮೆಣಸಿನ ರಾಣಿ"ಯೆಂದು ಕರೆದ ಚೆನ್ನಭೈರಾದೇವಿಯ ಹೆಸರಿನೊಡನೆ ಅದು ಕೂಡಿಕೊಂಡಿದೆ. ಹತ್ತಿಗಿಂತ ಮೊದಲು ಮೆಣಸು ಇದೇ ಕರಾವಳಿಯಿಂದ ಲೋಕಕ್ಕೆ ಹೊರಟದ್ದಕ್ಕೆ ಈ ಹೆಸರೇ ಸಾಕ್ಷಿ. ಮೂರನೆಯದು ಅಘನಾಶಿನಿ ಕಡಲು ಸೇರುವ ಅಳಿವೆ: ಚಿಪ್ಪು ಆಯುವ ಜನ, ಗಜನಿ ಗದ್ದೆಯ ಕಗ್ಗ ಭತ್ತ, ಸಾಣಿಕಟ್ಟೆಯ ಉಪ್ಪಿನಾಗರ. 2024ರಲ್ಲಿ ಈ ಅಳಿವೆಗೆ ರಾಮ್ಸಾರ್ ತಾಣವೆಂಬ ಅಂತರರಾಷ್ಟ್ರೀಯ ಮನ್ನಣೆ ಸಿಕ್ಕಿತು.

ಸಮುದ್ರವನ್ನು ನೋಡಬೇಡಿರೆಂದು ನಾನು ಹೇಳುತ್ತಿಲ್ಲ. ಸಂಜೆಯ ಹೊತ್ತಿಗೆ ದಂಡೆಯಲ್ಲಿ ನಿಂತರೆ ಕಣ್ಣು ತಣಿಯುವದು ನಿಜ. ಆದರೆ ಆ ನೀರಿನ ಮೇಲೆ ನಮ್ಮ ಊರುಗಳ ದುಡಿಮೆ ತೇಲಿ ಹೋಗಿತ್ತೆಂಬುದು ತಿಳಿದಿದ್ದರೆ ನೋಟವೇ ಬೇರೆ. ನಮ್ಮ ಮನೆತನದಲ್ಲಿ ಹತ್ತಿ ಬಿಡಿಸಿದವರು ಅನೇಕರು. ಅದು ಎಲ್ಲಿಗೆ ಹೋಗುತ್ತಿತ್ತೆಂದು ಪುಸ್ತಕದಲ್ಲಿ ಓದಿದವನು ನಾನೇ ಮೊದಲಿಗ. ಊರಿಗೆ ಹೋದಾಗ ಅದನ್ನು ಮನೆಯವರಿಗೆ ಹೇಳಿದೆ. "ಹಂಗಾದರ ಆ ಊರು ನಮಗ ಪರಸ್ಥಳ ಅಲ್ಲ ಬಿಡು," ಎಂದರು ನಮ್ಮ ಅಜ್ಜ. ಮುಂದಿನ ವರ್ಷದ ಪ್ರವಾಸದ ಯೋಜನೆ ಹಾಕುವ ಮಿತ್ರರು ಕುಮಟೆಗೆಂದು ಒಂದು ದಿನವನ್ನು ತೆಗೆದಿಡಬೇಕೆಂದು ನನ್ನ ವಿನಂತಿ.