ಹಿತ್ತಲ ಕೋಳಿಯಿಂದ ಮರಿ ಮಾಡಿಸುವ ಕ್ರಮ

ದಾವಣಗೆರೆಯ ಸರಸ್ವತಿ ನಗರದಲ್ಲಾಗಲಿ ಹರಿಹರದಲ್ಲಾಗಲಿ ಹಿತ್ತಲುಳ್ಳವರಿಗೆ ನಾಲ್ಕಾರು ಕೋಳಿಗಳ ಸಾಕಣೆ ಕಷ್ಟಕರವಲ್ಲ. ಆದರೆ ಬೇಸಗೆಯಲ್ಲಿ ಕಾವಿಗಿಟ್ಟ ಮೊಟ್ಟೆಗಳು ಕೊಳೆತುಹೋದುವೆಂಬ ದೂರು ಕೇಳಿಬರುವುದುಂಟು. ಅನೇಕ ವೇಳೆ ಈ ದೋಷವು ಹೇಟೆಯದಲ್ಲ. ಮೊಟ್ಟೆಗಳನ್ನು ಆರಿಸಿ ಕೂಡಿಟ್ಟ ರೀತಿಯದು.

ಅಂಗಡಿಯ ಫಾರಂ ಮೊಟ್ಟೆಗಳು ಹುಂಜದ ಸಂಗವಿಲ್ಲದೆ ಇಟ್ಟವಾದುದರಿಂದ ಅವು ಮರಿಯಾಗಲಾರವು. ಹುಂಜವನ್ನು ಸಾಕಿರುವ ನೆರೆಯವರಿಂದ ಮೊಟ್ಟೆಗಳನ್ನು ತರತಕ್ಕದ್ದು. ಸೆಕೆ ಹೆಚ್ಚಾದರೆ ಕಾವಿಗೆ ಮುನ್ನವೇ ಒಳಗಿನ ಪಿಂಡವು ಬೆಳೆಯತೊಡಗಿ ಅರ್ಧದಲ್ಲಿಯೇ ಸಾಯುವುದು. ಆದಕಾರಣ ಒದ್ದೆ ಮರಳಿನ ಮೇಲಿಟ್ಟ ಮಣ್ಣಿನ ಮಡಕೆಯಲ್ಲಿ ಮೊಟ್ಟೆಗಳನ್ನಿರಿಸಿ, 3–4 ದಿನಗಳೊಳಗೆ ಕಾವಿಗೆ ಕೂಡಿಸುವುದು ಉತ್ತಮ. ಬೆಂಗಳೂರಿನ ಹೆಬ್ಬಾಳದಲ್ಲಿ ಅಭಿವೃದ್ಧಿಪಡಿಸಿದ ಗಿರಿರಾಜ ಕೋಳಿಯು ಸಾಮಾನ್ಯವಾಗಿ ಕಾವಿಗೆ ಕೂರುವುದಿಲ್ಲ. ಅದರ ಮೊಟ್ಟೆಗಳನ್ನು ನಾಟಿ ಹೇಟೆಯ ಕೆಳಗಿಡಬೇಕು. ಒಂದು ಹೇಟೆಗೆ 10–12 ಮೊಟ್ಟೆಗಳು ಸಾಕು.

7ನೆಯ ರಾತ್ರಿ ಮೊಟ್ಟೆಗಳನ್ನು ದೀಪಕ್ಕೆ ಹಿಡಿದು ಪರೀಕ್ಷಿಸತಕ್ಕದ್ದು. ಜೇಡನ ಕಾಲುಗಳಂತೆ ಕೆಂಪು ನರಗಳು ಹರಡಿದ್ದರೆ ಜೀವವಿದೆಯೆಂದು ತಿಳಿಯಬೇಕು. ತಿಳಿಯಾಗಿ ಕಂಡವನ್ನು ತೆಗೆದುಬಿಡಬೇಕು. 21ನೆಯ ದಿನದ ಹೊತ್ತಿಗೆ ಮರಿಗಳು ಹೊರಬರುವುವು.

ನೆರೆಹೊರೆಯವರು ಕೋಳಿಗಳನ್ನು ಕೊಟ್ಟು ತೆಗೆದುಕೊಳ್ಳುವಾಗ ರೋಗವೂ ಕೈ ಬದಲಾಗುವುದುಂಟು. 1927ರಲ್ಲಿ ರಾಣಿಖೇತಿನಲ್ಲಿ ಗುರುತಿಸಲ್ಪಟ್ಟು ಆ ಊರಿನ ಹೆಸರನ್ನೇ ಪಡೆದ ಕೊಕ್ಕರೆ ರೋಗವು ತಗುಲಿದರೆ ಹಿಂಡೇ ನಾಶವಾಗಬಹುದು. ಇದನ್ನು ಗುಣಪಡಿಸುವ ಔಷಧವಿಲ್ಲ, ಲಸಿಕೆಯೇ ರಕ್ಷಣೆ. ಮರಿಗಳಿಗೆ 5–7ನೆಯ ದಿನ ಕಣ್ಣಿಗೆ ಲಸಿಕೆಯ ಹನಿ ಹಾಕಿಸಿ, ಮುಂದಿನ ಲಸಿಕೆಗಳನ್ನು ಪಶುವೈದ್ಯರು ಹೇಳಿದಂತೆ ಕೊಡಿಸತಕ್ಕದ್ದು. ಹೊಸದಾಗಿ ತಂದ ಕೋಳಿಯನ್ನು 3 ವಾರ ಪ್ರತ್ಯೇಕವಾಗಿಡದೆ ಹಿಂಡಿಗೆ ಸೇರಿಸಕೂಡದು. ಈ ಎಚ್ಚರವು ತನ್ನ ಹಿತ್ತಲನ್ನಲ್ಲದೆ ಇಡೀ ಬೀದಿಯ ಕೋಳಿಗಳನ್ನು ಉಳಿಸುವುದು.