ತಂಡಕ್ಕೊಂದು ಹೆಸರು, ಹೆಸರಿಗೊಂದು ಕೆಲಸ

ಮಕ್ಕಳೇ, ಆಟೋಟ, ರಸಪ್ರಶ್ನೆ, ಶಾಲಾ ಸ್ವಚ್ಛತೆಗಾಗಿ ನಿಮ್ಮ ಶಾಲೆಯಲ್ಲಿ ತಂಡಗಳನ್ನು ಮಾಡಿದ್ದಾರೆಯೇ? ಕೆಲವು ಶಾಲೆಗಳಲ್ಲಿ ಇವನ್ನು ‘ಹೌಸ್’ ಎನ್ನುತ್ತಾರೆ. ಈ ತಂಡಗಳಿಗೆ ಕೆಂಪು, ಹಸಿರು ಎಂದು ಬಣ್ಣದ ಹೆಸರಿರಬಹುದು. ಕಾವೇರಿ, ತುಂಗಾ ಎಂದು ನದಿಯ ಹೆಸರಿರಬಹುದು. ವಿಜ್ಞಾನಿಗಳ ಹೆಸರಿದ್ದರೆ ರಾಮನ್, ಬೋಸ್, ಕಲಾಂ ಇರಬಹುದು. ಆ ವಿಜ್ಞಾನಿಗಳಲ್ಲಿ ಮಹಿಳೆಯರು ಎಷ್ಟು ಮಂದಿ? ಎಣಿಸಿ ನೋಡಿ.

ಶುಕ್ರನ ಮೇಲಿನ ಹೆಸರುಗಳು

ಮುಂಜಾನೆ ಅಥವಾ ಸಂಜೆ ಬಾನಿನಲ್ಲಿ ಹೊಳೆಯುವ ಬೆಳ್ಳಿಯನ್ನು ನೀವು ನೋಡಿದ್ದೀರಿ. ಅದೇ ಶುಕ್ರಗ್ರಹ. ಅಲ್ಲಿಯೂ ಬೆಟ್ಟ, ಕಣಿವೆ, ಕುಳಿಗಳಿವೆ. ಅಂತರರಾಷ್ಟ್ರೀಯ ಖಗೋಳ ಒಕ್ಕೂಟವು ಕೆಲವೇ ಅಪವಾದಗಳನ್ನು ಬಿಟ್ಟು ಅವಕ್ಕೆಲ್ಲ ಸ್ತ್ರೀಯರ ಹೆಸರನ್ನೇ ಇಡುತ್ತದೆ. ದೊಡ್ಡ ಕುಳಿಗಳಿಗೆ ಸಾಧನೆ ಮಾಡಿದ ಮಹಿಳೆಯರ ಹೆಸರು. ಅವುಗಳಲ್ಲಿ ಒಂದು ಕುಳಿಯ ಹೆಸರು ‘ಜೋಶಿ’. 1886ರಲ್ಲಿ ಅಮೆರಿಕದಲ್ಲಿ ವೈದ್ಯಕೀಯ ಪದವಿ ಪಡೆದ ನಮ್ಮ ದೇಶದ ಆನಂದಿಬಾಯಿ ಜೋಶಿ ಅವರ ನೆನಪಿಗೆ ಇಟ್ಟ ಹೆಸರಿದು. ಶುಕ್ರನ ಮೇಲೆ ಜಾಗ ಪಡೆದ ಇಂಥ ಹೆಸರುಗಳಿಗೆ ನಮ್ಮ ಶಾಲೆಯ ಗೋಡೆಯ ಮೇಲೆ ಜಾಗ ಬೇಡವೇ?

ನಾಲ್ಕು ತಂಡ, ನಾಲ್ಕು ಹೆಸರು

ಜಾನಕಿ ಅಮ್ಮಾಳ್: 1897ರಲ್ಲಿ ಕೇರಳದ ತಲಶ್ಶೇರಿಯಲ್ಲಿ ಹುಟ್ಟಿದ ಸಸ್ಯವಿಜ್ಞಾನಿ. ಕೊಯಮತ್ತೂರಿನಲ್ಲಿ ಕಬ್ಬನ್ನು ಅದರ ನೆಂಟರಾದ ಇತರ ಹುಲ್ಲು ಜಾತಿಗಳೊಡನೆ ಸಂಕರಗೊಳಿಸಿ ಅಧ್ಯಯನ ಮಾಡಿದರು. ನಮ್ಮ ಸಂಪಿಗೆಯ ಬಳಗಕ್ಕೆ ಸೇರಿದ ಮ್ಯಾಗ್ನೋಲಿಯದ ಒಂದು ಬಗೆಗೆ ಅವರ ಹೆಸರನ್ನೇ ಇಟ್ಟಿದ್ದಾರೆ.

ಕಮಲಾ ಸೊಹೊನಿ: 1933ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಅರ್ಜಿ ಹಾಕಿದರು. ಹೆಣ್ಣೆಂಬ ಕಾರಣಕ್ಕೆ ಅರ್ಜಿ ತಿರಸ್ಕೃತವಾಯಿತು. ಆಗ ಅಲ್ಲಿ ನಿರ್ದೇಶಕರಾಗಿದ್ದವರು ಸಿ.ವಿ. ರಾಮನ್. ಕಮಲಾ ಪಟ್ಟು ಬಿಡಲಿಲ್ಲ. ಒಂದು ವರ್ಷ ಕೆಲಸ ನೋಡಿ ಆಮೇಲೆ ತೀರ್ಮಾನಿಸುವ ಷರತ್ತಿನ ಮೇಲೆ ಪ್ರವೇಶ ಸಿಕ್ಕಿತು. ಹಾಲು ಮತ್ತು ಬೇಳೆಕಾಳುಗಳ ಪ್ರೋಟೀನ್ ಕುರಿತು ಅವರು ಮಾಡಿದ ಕೆಲಸ ರಾಮನ್ ಅವರ ಮನಸ್ಸನ್ನೇ ಬದಲಿಸಿತು. 1939ರಲ್ಲಿ ಅವರು ಕೇಂಬ್ರಿಜ್ ವಿಶ್ವವಿದ್ಯಾಲಯದಿಂದ ಪಿಎಚ್.ಡಿ. ಪಡೆದರು.

ಅನ್ನಾ ಮಣಿ: ಬೆಂಗಳೂರಿನಲ್ಲಿ ರಾಮನ್ ಅವರ ಪ್ರಯೋಗಾಲಯದಲ್ಲಿ ವಜ್ರ, ಮಾಣಿಕ್ಯಗಳ ಮೇಲೆ ಸಂಶೋಧನೆ ಮಾಡಿದರು. ಎಂ.ಎಸ್ಸಿ. ಪದವಿ ಇಲ್ಲವೆಂದು ಪಿಎಚ್.ಡಿ. ಸಿಗಲಿಲ್ಲ. 1948ರಲ್ಲಿ ಹವಾಮಾನ ಇಲಾಖೆ ಸೇರಿದರು. ಹೊರದೇಶದಿಂದ ತರಿಸುತ್ತಿದ್ದ ಹವಾಮಾನ ಉಪಕರಣಗಳನ್ನು ಇಲ್ಲಿಯೇ ತಯಾರಿಸಲು ಸುಮಾರು 100 ಉಪಕರಣಗಳ ನಕ್ಷೆಗಳನ್ನು ಸಿದ್ಧಪಡಿಸಿದರು.

ರಾಜೇಶ್ವರಿ ಚಟರ್ಜಿ: 1922ರಲ್ಲಿ ಕರ್ನಾಟಕದಲ್ಲಿ ಹುಟ್ಟಿದವರು. ಅಮೆರಿಕದಲ್ಲಿ ಓದಿ ಬಂದು 1953ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಧ್ಯಾಪಕಿಯಾದರು. ಮೈಕ್ರೋವೇವ್ ತರಂಗಗಳು ಮತ್ತು ಆಂಟೆನಾ ಅವರ ವಿಷಯ. ರೇಡಾರ್, ಮೊಬೈಲ್ ಫೋನುಗಳು ಕೆಲಸ ಮಾಡುವುದು ಇಂಥ ತರಂಗಗಳಿಂದಲೇ.

ಈ ನಾಲ್ವರೂ ಪರೀಕ್ಷೆಗಳಲ್ಲಿ ಗೆದ್ದವರೇ. ಆದರೂ ಕೆಲವು ಬಾಗಿಲುಗಳು ಅವರಿಗೆ ಸುಲಭವಾಗಿ ತೆರೆಯಲಿಲ್ಲ. ಮಹಿಳೆಯರ ಹೆಸರು ನಮಗೆ ಕಡಿಮೆ ಕೇಳಿಬರುವುದಕ್ಕೆ ಇದೂ ಒಂದು ಕಾರಣ. ಕೇಳದ ಹೆಸರು ನೆನಪಿನಲ್ಲಿ ಉಳಿಯುವುದಿಲ್ಲ. ಆಗ ‘ವಿಜ್ಞಾನ ಹುಡುಗಿಯರಿಗಲ್ಲ’ ಎಂಬ ತಪ್ಪು ತಿಳಿವಳಿಕೆ ಬೆಳೆಯುತ್ತದೆ.

ಕೆಲವು ಪ್ರಶ್ನೆಗಳು

ಹೆಸರು ಬದಲಿಸಿದರೆ ಹಳೆಯ ವಿಜ್ಞಾನಿಗಳಿಗೆ ಅಗೌರವವಲ್ಲವೇ? ಅಲ್ಲ. ರಾಮನ್ ಪರಿಣಾಮ ಪಾಠದಲ್ಲಿ ಇದ್ದೇ ಇರುತ್ತದೆ. ಬೇಕಿದ್ದರೆ ಎರಡು ಹಳೆಯ ಹೆಸರು ಉಳಿಸಿಕೊಂಡು ಎರಡು ಹೊಸ ಹೆಸರು ಸೇರಿಸಬಹುದು.

ಹೆಣ್ಣಿನ ಹೆಸರಿನ ತಂಡದಲ್ಲಿ ಹುಡುಗರು ಆಡುವುದೇ? ಕಾವೇರಿ ತಂಡದಲ್ಲಿ ಆಡಿದಾಗ ಯಾರೂ ನಗಲಿಲ್ಲವಲ್ಲ! ರಾಮನ್ ತಂಡದಲ್ಲಿ ಹುಡುಗಿಯರೂ ಆಡಿಲ್ಲವೇ?

ಹೀಗೆ ಮಾಡಿ

ಪ್ರತಿ ತಂಡವೂ ಇಬ್ಬರು ಮಹಿಳೆಯರ ಬಗ್ಗೆ ಮಾಹಿತಿ ಹುಡುಕಲಿ. ಪ್ರತಿ ಸಂಗತಿಯನ್ನೂ ಎರಡು ಕಡೆ ಓದಿ ಖಚಿತಪಡಿಸಿಕೊಳ್ಳಿ. ಅವರು ಏನನ್ನು ಕಂಡುಹಿಡಿದರು, ಅದರಿಂದ ಯಾರಿಗೆ ಪ್ರಯೋಜನವಾಯಿತು ಎಂದು ಪ್ರಾರ್ಥನೆಯ ನಂತರ ಎಲ್ಲರಿಗೂ ತಿಳಿಸಿ. ಶಿಕ್ಷಕರ ನೆರವಿನಿಂದ ಗುಪ್ತ ಮತದಾನ ನಡೆಸಿ.

ಫಲಕ ಬರೆದರೆ ಕೆಲಸ ಮುಗಿಯಲಿಲ್ಲ. ಹೆಸರಿಗೆ ತಕ್ಕ ಕೆಲಸವೂ ಬೇಕು. ಅನ್ನಾ ಮಣಿ ತಂಡ ಪ್ರತಿದಿನ ಮಳೆ ಮತ್ತು ಉಷ್ಣತೆ ಅಳೆದು ಫಲಕದಲ್ಲಿ ಬರೆಯಲಿ. ಜಾನಕಿ ಅಮ್ಮಾಳ್ ತಂಡ ಶಾಲೆಯ ಸುತ್ತಲಿನ ಗಿಡಮರಗಳ ಪಟ್ಟಿ ಮಾಡಲಿ. ಕಮಲಾ ಸೊಹೊನಿ ತಂಡ ಬಿಸಿಯೂಟದಲ್ಲಿ ಯಾವ ದಿನ ಯಾವ ಬೇಳೆಕಾಳು ಇತ್ತೆಂದು ಗುರುತಿಸಲಿ. ರಾಜೇಶ್ವರಿ ಚಟರ್ಜಿ ತಂಡ ಊರಿನಲ್ಲಿ ಕಾಣುವ ಆಂಟೆನಾಗಳ ಚಿತ್ರ ಬಿಡಿಸಲಿ.

ವರ್ಷದ ಕೊನೆಗೆ ಒಂದನೇ ತರಗತಿಯ ಮಗುವನ್ನು ಕೇಳಿ, ‘ಅನ್ನಾ ಮಣಿ ಯಾರು?’ ‘ಮಳೆ ಅಳೆಯುವುದನ್ನು ಕಲಿಸಿದವರು’ ಎಂಬ ಉತ್ತರ ಬಂದರೆ ನಿಮ್ಮ ತಂಡ ಗೆದ್ದಂತೆ!